ಮೂವತ್ತೊಂದು ಇಂಚಿನ ಟೈರು, ಏಕಾಂತಯ್ಯನ ಮೂರು ಷರತ್ತು

ಹೋದ ವರ್ಷ ಚಿಕ್ಕನಾಯಕನಹಳ್ಳಿ ದಾರಿಯ ಬತ್ತಿದ ಕೆರೆಯೊಂದರ ಅಂಗಳದಲ್ಲಿ ಜೀಪುಗಳ ಸ್ಪರ್ಧೆ ನಡೆದಾಗ ಜೀವಿತಾ ಮೂರನೆಯ ಅಡಚಣೆಯಲ್ಲೇ ಕೂತುಬಿಟ್ಟಿದ್ದಳು. ಸರಿಯಾಗಿ ಹೇಳುವುದಾದರೆ ಕೂತದ್ದು ಅವಳಲ್ಲ, ಜೀಪು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನಲ್ಲಿ ಕುಂಬಳಕಾಯಿಯಷ್ಟು ದಪ್ಪದ ಒಂದು ಗಂಟಿರುತ್ತದಲ್ಲ, ಆ ಗಂಟು ಹೋಗಿ ಒಂದು ಬಂಡೆಯ ನೆತ್ತಿಯ ಮೇಲೆ ಮಠದ ಸ್ವಾಮಿಗಳ ಹಾಗೆ ಆಸೀನವಾಗಿತ್ತು. ಚಕ್ರಗಳು ತಿರುಗಿದವು, ಮಣ್ಣು ಹಾರಿತು, ಜೀಪು ಕದಲಲಿಲ್ಲ. ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದರು. ಮೈಕಿನವನು ಅದಕ್ಕೂ ವೀಕ್ಷಕ ವಿವರಣೆ ಕೊಟ್ಟ. ಆ ಮೈಕಿನವನ ದನಿಯನ್ನು ಜೀವಿತಾ ಆಮೇಲೆ ಮನೆಯಲ್ಲಿ ಎಷ್ಟು ಚೆನ್ನಾಗಿ ಅನುಕರಿಸಿ ತೋರಿಸಿದಳೆಂದರೆ, ನಕ್ಕು ಸುಸ್ತಾದ ದೊಡ್ಡಮ್ಮ ಗಿರಿಜಾಂಬಿಕಾಗೆ ಸೋತವಳು ಇವಳೇ ಎನ್ನುವುದು ಮರೆತುಹೋಗಿತ್ತು. ಜೀವಿತಾ ಮರೆತಿರಲಿಲ್ಲ.

ಅವಳನ್ನು ಕೊರೆದದ್ದು ಸೋಲಲ್ಲ, ಒಂದು ಪ್ರಶ್ನೆ. ಸ್ಪರ್ಧೆಗೆ ಮುಂಚೆ ಕಿಬ್ಬನಹಳ್ಳಿಯ ಮೆಕ್ಯಾನಿಕ್ಕು ಭೀಮರಾಜು ಜೀಪನ್ನು ಮೂರಿಂಚು ಎತ್ತರಿಸಿ ಕೊಟ್ಟಿದ್ದ. ಮೂರಿಂಚು ಎತ್ತರವಾದ ಮೇಲೂ ಹೊಟ್ಟೆ ಕಲ್ಲಿಗೆ ತಾಗಿದ್ದು ಹೇಗೆ?

“ಪಂಚೆ ಎತ್ತಿ ಕಟ್ಟಿದಂಗೆ ಕಣವ್ವ ಅದು,” ಎಂದಿದ್ದ ಭೀಮರಾಜು. ಹೆಸರು ಭೀಮ, ಆಳು ಅಗರಬತ್ತಿ. ಜಾಕಿ ಇಲ್ಲದೆಯೇ ಯಾವ ಗಾಡಿಯ ಕೆಳಗಾದರೂ ನುಸುಳಬಲ್ಲವನು. “ನಾನು ಎತ್ತಿದ್ದು ಬಾಡಿನ. ಪಂಚೆ ಮೇಲಕ್ಕೆ ಬಂತು, ಮೊಣಕಾಲು ಇದ್ದಲ್ಲೇ ಐತೆ. ಆಕ್ಸಲ್ಲೇ ಮೇಲೇಳ್ಬೇಕು ಅಂದ್ರೆ ಟೈರೇ ದೊಡ್ಡದಾಗ್ಬೇಕು. ಬ್ಯಾರೆ ದಾರಿ ಇಲ್ಲ.”

ಹಾಗಾಗಿ ಈ ವರ್ಷ ಹುಡುಗರಿಗೆ ಟ್ಯೂಷನ್ ಹೇಳಿ ಕೂಡಿಟ್ಟಿದ್ದ ಹಣದಲ್ಲಿ ಜೀವಿತಾ ನಾಲ್ಕು ಟೈರು ತರಿಸಿದಳು. ಹಳೆಯವು ಇಪ್ಪತ್ತೆಂಟು ಇಂಚು ಎತ್ತರದವು, ಹೊಸವು ಮೂವತ್ತೊಂದು. ಮೂರಿಂಚು ಹೆಚ್ಚಾದರೆ ಆಕ್ಸಲ್ಲು ಏರುವುದು ಒಂದೂವರೆ ಇಂಚು ಮಾತ್ರ. ಆದರೆ ಹೋದ ವರ್ಷ ಸೋತದ್ದು ಒಂದೇ ಇಂಚಿನಲ್ಲಿ ಎಂದು ಅವಳು ಬಂಡೆಯ ಪಕ್ಕ ಮಂಡಿಯೂರಿ ಅಳೆದು ಬಂದಿದ್ದಳು.

ಜೀಪು ಅವಳದಲ್ಲ, ದೊಡ್ಡಪ್ಪ ಏಕಾಂತಯ್ಯನದು. ತುರುವೇಕೆರೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಅಪ್ಪ, ತಿಪಟೂರಿನ ಕಾಲೇಜಿಗೆ ಹತ್ತಿರವಾಗಲಿ ಎಂದು ಅವಳನ್ನು ನೊಣವಿನಕೆರೆ ಬಳಿಯ ಅಣ್ಣನ ಮನೆಗೆ ಬಿಟ್ಟಿದ್ದರು. ಬಿ.ಎಸ್ಸಿ. ಮುಗಿಯಿತು, ಹುಡುಗಿ ವಾಪಸು ಹೋಗಲಿಲ್ಲ. ತೋಟದ ತೆಂಗಿನಕಾಯಿಯನ್ನು ತಿಪಟೂರಿಗೆ ಸಾಗಿಸುವುದು, ಆಳುಗಳನ್ನು ಕರೆತರುವುದು, ದೊಡ್ಡಮ್ಮನನ್ನು ಮಠಕ್ಕೆ ಬಿಟ್ಟುಬರುವುದು ಎಲ್ಲವೂ ಅವಳ ಕೈಯಲ್ಲೇ ನಡೆಯುತ್ತಿತ್ತು. ಊರಲ್ಲಿ ಅವಳಿಗೆ ‘ಜೀಪಿತಾ’ ಎಂದೇ ಹೆಸರಾಗಿತ್ತು.

ಏಕಾಂತಯ್ಯನಿಗೆ ಏಕಾಂತವೆಂದರೆ ಆಗದು. ಟೈರು ಇಳಿಸಿದ ದಿನ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು. ತೋರಿಸಿ ಮುಗಿದ ಮೇಲೆ ಬೈಯಲು ಶುರುಮಾಡಿದರು.

“ಇದೇನವ್ವಾ, ಟ್ರ್ಯಾಕ್ಟರ್‌ದು ಬಿಚ್ಕೊಂಡು ಬಂದಿದೀಯ?”

“ಜೀಪಿಂದೇ ದೊಡ್ಡಪ್ಪ.”

“ಜೀಪಿಂದು ಅಂತ ಟೈರಿಗೆ ಗೊತ್ತಾ? ಮಡ್‌ಗಾರ್ಡ್ ಒಳಗೆ ಹಿಡೀತದಾ ಇದು?”

“ಹಿಡೀತದೆ. ಒಂಚೂರು ಅಲ್ಲಿ ಇಲ್ಲಿ ಉಜ್ಜಬೋದು, ಭೀಮರಾಜಣ್ಣ ಸರಿ ಮಾಡ್ತಾರೆ.”

“ಸರಿ ಮಾಡೋದು ಅಂದ್ರೆ ಕುಯ್ಯೋದು ತಾನೆ?” ಏಕಾಂತಯ್ಯ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟರು. ತಿಪಟೂರಿನ ತಗಡಿನ ಮೇಸ್ತ್ರಿಯ ಮುಂದೆ ಮೂರು ದಿನ ಸ್ಟೂಲು ಹಾಕಿಕೊಂಡು ಕೂತು ಬಡಿಸಿಕೊಂಡಿದ್ದ ಮಡ್‌ಗಾರ್ಡು ಅದು. “ಕೇಳಿಲ್ಲಿ. ಒಂದು, ಜೀಪಿನ ಮೈಗೆ ಗರಗಸ ಮುಟ್ಟಂಗಿಲ್ಲ. ಎರಡು, ತೋಟದ ಕೊನೇ ಮರ ಐತಲ್ಲ, ಅದನ್ನ ಈ ಜೀಪು ಒಂದೇ ಸುತ್ತಿಗೆ ತಿರುಗ್ತದೆ. ಹಂಗೇ ತಿರುಗ್ಬೇಕು. ರಿವರ್ಸ್ ತಗಂಡ್ರೆ ನನ್ನ ಹನಿ ನೀರಿನ ಪೈಪೆಲ್ಲ ಅಪ್ಪಚ್ಚಿ. ಮೂರು, ಉಜ್ಜಂಗಿಲ್ಲ. ಶನಿವಾರ ಸಂಜೆ ನಾನೇ ನಿಂತು ನೋಡ್ತೀನಿ. ಒಂದ್ಸಲ ಉಜ್ತಾ, ಅಲ್ಲೇ ಹಳೇ ಟೈರು ವಾಪಸ್. ನಿನ್ನ ಕೆರೆ ಆಟನೂ ಬಂದ್.”

ಸ್ಪರ್ಧೆ ಇದ್ದದ್ದು ಭಾನುವಾರ ಬೆಳಿಗ್ಗೆ. ಅಂದು ಸೋಮವಾರ.

ಷರತ್ತುಗಳನ್ನು ಕೇಳಿದ ಭೀಮರಾಜು ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನವಾಗಿ ನೆಲಕ್ಕಿಟ್ಟ. “ಲೋಕದಲ್ಲಿ ದೊಡ್ಡ ಟೈರು ಹಾಕೋರು ಮಾಡೋದೇ ಎರಡು ಕೆಲಸ ಕಣವ್ವ. ಮಡ್‌ಗಾರ್ಡ್ ಕುಯ್ತಾರೆ, ಇಲ್ಲಾಂದ್ರೆ ಸ್ಟೇರಿಂಗ್ ಪೂರಾ ತಿರುಗದಂಗೆ ಬೋಲ್ಟ್ ಕೊಟ್ಟು ತಡೀತಾರೆ. ಯಜಮಾನ್ರು ಎರಡು ಬಾಗಿಲಿಗೂ ಚಿಲಕ ಹಾಕವ್ರೆ.”

“ಕಿಟಕಿ ಇರಬೋದಲ್ಲ ಅಣ್ಣ?”

“ನುಗ್ಗಿ ನೋಡನ,” ಎಂದು ಅವನು ನುಗ್ಗಿಯೇಬಿಟ್ಟ.

ಮೊದಲ ಹೊಡೆತಕ್ಕೇ ಹೊಸ ಟೈರಿನ ಒಳಮಗ್ಗುಲು ಕಮಾನು ಪಟ್ಟೆಗೆ, ಅಂದರೆ ಗಾಡಿಯ ಭಾರ ಹೊರುವ ಆ ಬಾಗಿದ ಉಕ್ಕಿನ ಪಟ್ಟೆಗಳ ಕಟ್ಟಿಗೆ ಹೋಗಿ ಒತ್ತಿಕೊಂಡಿತು. ಸ್ಟೇರಿಂಗ್ ಅರ್ಧ ತಿರುಗುವಷ್ಟರಲ್ಲೇ ಜಾಮ್. ಭೀಮರಾಜು ಚಕ್ರಕ್ಕೂ ಬ್ರೇಕಿನ ಡ್ರಮ್ಮಿಗೂ ನಡುವೆ ಒಂದಿಂಚು ದಪ್ಪದ ಅಲ್ಯೂಮಿನಿಯಂ ಬಿಲ್ಲೆ ಕೂರಿಸಿ ನಾಲ್ಕೂ ಚಕ್ರಗಳನ್ನು ಹೊರಕ್ಕೆ ತಳ್ಳಿದ. ಜೀಪು ಕಾಲು ಅಗಲಿಸಿ ನಿಂತ ಪೈಲ್ವಾನನಂತಾಯಿತು. ಈಗ ಸ್ಟೇರಿಂಗ್ ಈ ಕೊನೆಯಿಂದ ಆ ಕೊನೆಗೆ ಹೋಯಿತು, ಬಂತು. ಎಲ್ಲೂ ತಾಗಲಿಲ್ಲ.

“ಖಾಲಿ ಗಾಡೀಲಿ ತಾಗದಿದ್ರೆ ಏನು ಬಂತು?” ಎಂದರು ಏಕಾಂತಯ್ಯ. “ಲೋಡ್ ಹಾಕಿ ನೋಡ್ರಿ.”

ಇದರ ಬಗ್ಗೆ ಮೂವರಲ್ಲಿ ಎರಡು ಮಾತಿರಲಿಲ್ಲ. ಆ ಸೀಮೆಯಲ್ಲಿ ಯಾವ ಗಾಡಿಯನ್ನಾಗಲಿ ಪರೀಕ್ಷೆ ಮಾಡುವುದು ಎಂದರೆ ಹಿಂದೆ ಕಾಯಿ ತುಂಬುವುದು. ಆಟೊ ಕೊಳ್ಳುವವನೂ ಕಾಯಿ ತುಂಬಿಯೇ ನೋಡುತ್ತಾನೆ, ಸ್ಕೂಟರಿನವನು ಸೀಟಿಗೆ ಎರಡು ಚೀಲ ಬಿಗಿದು ನೋಡುತ್ತಾನೆ. ತೋಟದ ಮನೆಯ ಅಟ್ಟದಿಂದ ಐನೂರು ಕಾಯಿ ಇಳಿಸಿ ಜೀಪಿನ ಬೆನ್ನಿಗೆ ತುಂಬಿದರು. ಜೀಪು ಕುಗ್ಗಿತು. ಜೀವಿತಾ ತೋಟದ ಕೊನೆಯ ಮರ ಸುತ್ತಿದಳು, ಬದು ಹತ್ತಿಸಿದಳು, ಗುಂಡಿಗೆ ಇಳಿಸಿದಳು. ಏಕಾಂತಯ್ಯ ಹಿಂದಿಂದೆ ಓಡಿ ಕಿವಿ ಕೊಟ್ಟರು. ಚಕಾರವಿಲ್ಲ.

“ಆಯ್ತಲ್ಲ,” ಎಂದ ಭೀಮರಾಜು, ಒಂದೇ ದಿನದಲ್ಲಿ ಕೆಲಸ ಮುಗಿದದ್ದಕ್ಕೆ ತಾನೇ ಬೆರಗಾಗಿ.

ಮಂಗಳವಾರ ಆ ಐನೂರು ಕಾಯಿಯನ್ನು ಜೀವಿತಾ ಅದೇ ಜೀಪಿನಲ್ಲಿ ತಿಪಟೂರಿಗೆ ಒಯ್ದಳು. ದಾರಿಯುದ್ದಕ್ಕೂ ನಿಶ್ಶಬ್ದ. ಕಾಯಿ ಇಳಿಸಿ ಖಾಲಿ ಜೀಪಿನಲ್ಲಿ ವಾಪಸು ಬರುತ್ತಿದ್ದಾಗ, ರಸ್ತೆ ಒಂದು ತಗ್ಗಿಗೆ ಇಳಿದು ಬಲಕ್ಕೆ ತಿರುಗುವ ಕಡೆ, ಎದುರಿಗೆ ಎಮ್ಮೆ ಬಂದು ಬ್ರೇಕು ಒತ್ತಿದ ಗಳಿಗೆಯಲ್ಲಿ ಮುಂದಿನಿಂದ ಒಂದು ಸದ್ದು ಬಂತು.

ಅವಳು ಜೀಪು ನಿಲ್ಲಿಸಿ ಭೀಮರಾಜುವಿಗೆ ಫೋನು ಹಚ್ಚಿದಳು.

“ಅಣ್ಣ, ಉಜ್ತು.”

“ಹೆಂಗ್ ಉಜ್ತು?”

“ಡರ್ರ್ರ್‌... ಹಿಂಗೆ.”

“ತಡಿ ತಡಿ. ‘ಡ’ ಅಂತ ಶುರುವಾಯ್ತಾ, ‘ಗ’ ಅಂತ ಶುರುವಾಯ್ತಾ?”

ಜೀವಿತಾ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಅವಳಿಗೆ ಸದ್ದುಗಳು ಮುಖಗಳಿದ್ದ ಹಾಗೆ, ಒಮ್ಮೆ ಕಂಡರೆ ಸಾಕು. “ಡರ್ರ್ರ್‌ ಡರ್ರ್‌ ಡಟ್.”

“ಡಟ್ ಅಂತ ಮುಗೀತಾ?”

“ಹೂಂ. ಡರ್ರ್ರ್‌ ಡರ್ರ್‌ ಡಟ್!”

“ಹಂಗಾದ್ರೆ ತಗಡು. ರಬ್ಬರಿಗೆ ರಬ್ಬರು ಉಜ್ಜಿದ್ರೆ ಬುರ್ರ್‌ ಅಂತದೆ. ಕಬ್ಬಿಣಕ್ಕಾದ್ರೆ ಸರ್ರ್‌ ಅಂತದೆ. ಇನ್ನೊಂದ್ಸಲ ಮಾಡವ್ವ, ಗ್ಯಾರೇಜಲ್ಲಿ ಗಲಾಟೆ ಐತೆ.”

ಅವಳು ಮೂರನೆಯ ಸಲ ಗಟ್ಟಿಯಾಗಿ ಮಾಡಿದಾಗ ಎಮ್ಮೆಯ ಹಿಂದೆ ಬರುತ್ತಿದ್ದ ಮುದುಕಿ ನಿಂತು, ಜೀಪನ್ನೂ ಅವಳನ್ನೂ ನೋಡಿ, “ಕೆಟ್ಟೋಗಿರೋದು ಗಾಡಿನಾ ಮಗಾ, ನೀನಾ?” ಎಂದು ಕೇಳಿ ಮುಂದೆ ಹೋದಳು.

ಮನೆಯಲ್ಲಿ ಜೀವಿತಾ ಇದನ್ನು ಮುಚ್ಚಿಡಲಿಲ್ಲ. ಶನಿವಾರಕ್ಕೆ ಇನ್ನೂ ದಿನವಿತ್ತು, ಮುಚ್ಚಿಡುವ ಅಗತ್ಯವೂ ಇರಲಿಲ್ಲ. ಅವಳನ್ನು ಕಾಡಿದ್ದು ಬೇರೆ. ಭಾರ ಹಾಕಿದಾಗ ಬಾರದ ಸದ್ದು ಖಾಲಿ ಇದ್ದಾಗ ಬರುವುದು ಹೇಗೆ? ಭಾರ ಹೆಚ್ಚಾದಷ್ಟೂ ಬಾಡಿ ಟೈರಿನ ಮೇಲೆ ಕೂರಬೇಕು, ಕೂತರೆ ಉಜ್ಜಬೇಕು. ಇಲ್ಲಿ ಎಲ್ಲ ಉಲ್ಟಾ.

ಬುಧವಾರ ಭೀಮರಾಜು ಬಂದ. ತಿಪಟೂರಿಗೆ ಹೋಗುವಾಗ ಆ ತಿರುವು ಎಡಕ್ಕೆ, ಬರುವಾಗ ಬಲಕ್ಕೆ. ಆದ್ದರಿಂದ ತೊಂದರೆ ಬಲಗಡೆಯದು ಎಂದು ಅವನು ವಾದಿಸಿದ. ಏಕಾಂತಯ್ಯನ ಸಿದ್ಧಾಂತ ಇನ್ನೂ ಸರಳವಾಗಿತ್ತು: “ಹಿಂದೆ ಕಾಯಿ ಇದ್ರೆ ಇವಳು ಮೆತ್ತಗೆ ಓಡಿಸ್ತಾಳೆ, ಖಾಲಿ ಇದ್ರೆ ಹಾರಿಸ್ತಾಳೆ.” ಸರಿ ಎಂದು ಮತ್ತೆ ಐನೂರು ಕಾಯಿ ತುಂಬಿದರು. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮೆತ್ತಗೆ ಓಡಿಸಿದರು, ಹಾರಿಸಿದರು. ಸದ್ದೇ ಇಲ್ಲ. ಏಳುನೂರಕ್ಕೆ ಏರಿಸಿದರು. ಜೀಪಿನ ಹಿಂಭಾಗ ನೆಲಕ್ಕೆ ನಮಸ್ಕಾರ ಮಾಡುವಂತಾಯಿತೇ ಹೊರತು ಟೈರು ಮಾತ್ರ ಮೌನವ್ರತ ಬಿಡಲಿಲ್ಲ.

ಮೂವರೂ ಬೆವರು ಒರೆಸಿಕೊಂಡು ನಿಂತಿದ್ದಾಗ ಗಿರಿಜಾಂಬಿಕಾ ಮಜ್ಜಿಗೆಯ ತಂಬಿಗೆ ಹಿಡಿದು ಬಂದವರು ಜೀಪನ್ನು ಸುಮ್ಮನೆ ನೋಡಿದರು.

“ಯಾಕ್ರೀ ಇದು ಹಿಂಗೆ ಮೂತಿ ಎತ್ಕೊಂಡು ನಿಂತೈತೆ?”

“ಯಾವ್ದು?”

“ಜೀಪು ಕಣ್ರೀ. ಹಿಂಭಾರ ಆಗಿರೋ ಎತ್ತಿನ ಗಾಡಿ ಥರ. ನಮ್ಮಪ್ಪ ನೋಡಿದ್ರೆ ಬೈದಿರೋರು, ಎತ್ತಿನ ಕುತ್ತಿಗೇಲಿ ನೊಗ ನಿಲ್ಲಲ್ಲ, ಮೇಲಕ್ಕೆದ್ದು ಗಂಟ್ಲು ಹಿಡೀತದೆ ಅಂತ.”

ಏಕಾಂತಯ್ಯ ಮಜ್ಜಿಗೆಯ ಲೋಟ ಬಾಯಿಯವರೆಗೆ ಒಯ್ದವರು ಅಲ್ಲೇ ನಿಂತರು. ಹದಿನೈದು ವರ್ಷ ಎತ್ತಿನ ಗಾಡಿ ಹೊಡೆದವರು ಅವರು. ಹಿಂಭಾರವಾದಾಗ ನೊಗಕ್ಕೆ ಕಟ್ಟುವ ಮೂಕಿಮರದ ಮೇಲೆ ತಾವೇ ಮುಂದೆ ಸರಿದು ಕೂತು ತೂಕ ಸರಿದೂಗಿಸಿದ ಅವರ ಬೆನ್ನು ಆ ಲೆಕ್ಕವನ್ನು ಈಗಲೂ ಬಲ್ಲದು. ಜೀಪಿಗೆ ನಾಲ್ಕು ಚಕ್ರ ಇದೆ ಎಂಬ ಒಂದೇ ಕಾರಣಕ್ಕೆ ತಲೆ ಅದನ್ನು ಮರೆತಿತ್ತು.

ಜೀವಿತಾ ಆಗಲೇ ಮಡ್‌ಗಾರ್ಡಿನ ಕೆಳಗೆ ಬೆರಳು ತೂರಿಸಿ ಅಳೆಯುತ್ತಿದ್ದಳು. “ಐದು ಬೆರಳು ದೊಡ್ಡಪ್ಪ! ಖಾಲಿ ಇದ್ದಾಗ ನಾಕೇ ಇತ್ತು. ನಾವು ಕಾಯಿ ತುಂಬಿ ತುಂಬಿ ಮುಂದುಗಡೆನ ಎತ್ತಿ ಹಿಡಿದಿದೀವಿ!”

“ಅಂದ್ರೆ,” ಎಂದ ಭೀಮರಾಜು, “ಮೂರು ದಿನದಿಂದ ಉಜ್ಜದೇ ಇರೋ ಹಂಗೆ ಮಾಡಿ, ಯಾಕೆ ಉಜ್ತಿಲ್ಲ ಅಂತ ಹುಡುಕ್ತಾ ಇದೀವಿ.”

“ಕೆರೆ ಒಳಗೆ ಇಳಿಯೋವಾಗ ಹಿಂದೆ ಏನೂ ಇರಲ್ಲ. ಮೂತಿ ಕೆಳಗೆ. ಬ್ರೇಕ್ ಬೇರೆ. ಪೂರ್ತಿ ಭಾರ ಮುಂದಕ್ಕೇ ಬರುತ್ತೆ.”

“ಈ ಊರಲ್ಲಿ ಗಾಡಿ ಮೂತಿ ಮೇಲೆ ಯಾರು ಕಾಯಿ ಹೇರ್ತಾರವ್ವ? ಹೆಂಗ್ ಹೊಳೀಬೇಕು?”

“ಇವತ್ತು ನಾವು ಹೇರನ,” ಎಂದರು ಏಕಾಂತಯ್ಯ. ಅವರ ದನಿಯಲ್ಲಿ ಷರತ್ತಿನ ಗಡಸು ಸ್ವಲ್ಪ ಕಡಿಮೆಯಾಗಿತ್ತು.

ಹಿಂದಿನ ಕಾಯಿಯನ್ನೆಲ್ಲ ಇಳಿಸಿ, ನಾಲ್ಕು ಗೋಣಿಚೀಲಕ್ಕೆ ತುಂಬಿ, ಎರಡನ್ನು ಬಾನೆಟ್ಟಿನ ಮೇಲೂ ಎರಡನ್ನು ಮುಂದಿನ ಬಂಪರಿನ ಮೇಲೂ ಹಗ್ಗ ಹಾಕಿ ಬಿಗಿದರು. ಎಲ್ಲಿ ತಾಗುತ್ತದೆ ಎಂದು ಕಿವಿಗೆ ಗೊತ್ತಾಗುವುದಿಲ್ಲ, ಗುರುತು ಬೇಕು. ಮರದ ಬುಡಕ್ಕೆ ಬಳಿಯಲು ಕಲಸಿಟ್ಟಿದ್ದ ಸುಣ್ಣ ಕೊಟ್ಟಿಗೆಯಲ್ಲಿತ್ತು. ಜೀವಿತಾ ಮುಂದಿನ ಎರಡೂ ಟೈರುಗಳ ಮೈಗೆ, ಅಂಚಿಗೆ ದಪ್ಪಗೆ ಬಳಿದಳು. ಕೊನೆಗೆ ಇನ್ನೂ ಸ್ವಲ್ಪ ತೂಕ ಬೇಕೆನಿಸಿ ಏಕಾಂತಯ್ಯ ತಾವೇ ಬಾನೆಟ್ಟು ಹತ್ತಿ ಚೀಲಗಳ ನಡುವೆ ಕೂತರು. ಹಣೆಯ ವಿಭೂತಿಯೂ ಟೈರಿನ ಸುಣ್ಣವೂ ಒಂದೇ ಬಣ್ಣವಾಗಿ, ಜೀಪಿಗೂ ಲಿಂಗದೀಕ್ಷೆ ಆದಂತೆ ಕಾಣುತ್ತಿತ್ತು.

“ರೀ, ಇಳೀರಿ, ಬಿದ್ದೀರ!” ಎಂದು ಗಿರಿಜಾಂಬಿಕಾ ಕೂಗಿದರು.

“ಸುಮ್ಕಿರೇ. ಓಡ್ಸವ್ವ ನೀನು!”

ಎಡಗಡೆಯ ಚಕ್ರವನ್ನು ಬದುವಿಗೆ ಹತ್ತಿಸುತ್ತಲೇ ಬಂತು: ಡರ್ರ್ರ್‌ ಡರ್ರ್‌ ಡಟ್! ಮೂವರೂ ಒಟ್ಟಿಗೆ “ಹಾಂ!” ಎಂದರು. ಅಷ್ಟು ಸಂತೋಷದಿಂದ ಒಂದು ಕೆಟ್ಟ ಸದ್ದನ್ನು ಸ್ವಾಗತಿಸಿದ ಮೆಕ್ಯಾನಿಕ್ಕು ಆ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ.

ಭೀಮರಾಜು ಬ್ಯಾಟರಿ ಹಿಡಿದು ಒಳಗೆ ತೂರಿದ. ಸುಣ್ಣದ ಗುರುತು ಮಡ್‌ಗಾರ್ಡಿನ ನೆತ್ತಿಯಲ್ಲಿರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಇದ್ದದ್ದು ಅಲ್ಲಲ್ಲ, ನೆತ್ತಿಯಿಂದ ಗೇಣು ಮುಂದಕ್ಕೆ. ಜೀವಿತಾ ಅರ್ಧ ಗಂಟೆ ನೆಲದ ಮೇಲೆ ಮಲಗಿ, ಚೀಲಗಳನ್ನು ಇಳಿಸಿ ಏರಿಸಿ ನೋಡಿದಳು. ಭಾರ ಬಿದ್ದಾಗ ಬಾಗಿದ ಪಟ್ಟೆಗಳು ಚಪ್ಪಟೆಯಾಗುತ್ತವೆ. ಚಪ್ಪಟೆಯಾದದ್ದು ಉದ್ದವಾಗಲೇಬೇಕು. ಉದ್ದವಾದಾಗ ಅದು ಚಕ್ರವನ್ನು ಮೇಲಕ್ಕಷ್ಟೇ ಅಲ್ಲ, ಮುಂದಕ್ಕೂ ತಳ್ಳುತ್ತದೆ.

“ಕುಕ್ಕರುಗಾಲಲ್ಲಿ ಕೂತೋನು ನೆಲಕ್ಕೆ ಕುಸಿದು ಕಾಲು ಮುಂದಕ್ಕೆ ಚಾಚ್ದಂಗೆ,” ಎಂದಳು.

“ನಾನು ಇಪ್ಪತ್ತೆರಡು ವರ್ಷದಿಂದ ಜೀಪು ಬಿಚ್ತಾ ಇದೀನಿ,” ಎಂದ ಭೀಮರಾಜು, “ಇದು ನಡ್ಕೊಂಡು ಮುಂದೆ ಹೋಗ್ತದೆ ಅಂತ ಇವತ್ತು ನೋಡ್ದೆ.”

ಕಾರಣ ತಿಳಿದ ಮೇಲೆ ಮದ್ದು ಕಷ್ಟವಾಗಲಿಲ್ಲ. ಆಕ್ಸಲ್ಲು ಮೇಲೇರಿ ಬಾಡಿಗೆ ಗುದ್ದದಿರಲೆಂದು ನಡುವೆ ಒಂದು ರಬ್ಬರಿನ ಗುಪ್ಪೆ ಇರುತ್ತದೆ. ಅದನ್ನು ಎತ್ತರ ಮಾಡಿದರೆ ಆಕ್ಸಲ್ಲು ಉಜ್ಜುವ ಜಾಗಕ್ಕೆ ಬರುವ ಮೊದಲೇ ನಿಲ್ಲುತ್ತದೆ. ಗುರುವಾರ ಭೀಮರಾಜು ಹಳೆಯ ಲಾರಿಯೊಂದರ ಇಂಜಿನ್ನಿನ ಅಡಿಗಿಡುವ ಗಟ್ಟಿ ರಬ್ಬರನ್ನು ತಂದು ಕೊಯ್ದು ಎರಡೂ ಕಡೆ ಒಂದಿಂಚು ಏರಿಸಿದ. ಶುಕ್ರವಾರ ಪೂರ್ತಿ ಓಡಿಸಿ ನೋಡಿದರು. ಬದು, ಗುಂಡಿ, ತಗ್ಗು, ಬ್ರೇಕು. ಹೊಸದಾಗಿ ಸುಣ್ಣ ಬಳಿದರು. ಮಡ್‌ಗಾರ್ಡಿನ ಒಳಗೆ ಒಂದು ಚುಕ್ಕೆ ಬಿಳುಪಿಲ್ಲ.

ಶನಿವಾರ ಸಂಜೆ ಪರೀಕ್ಷೆ.

ಏಕಾಂತಯ್ಯ ಒಗೆದ ಅಂಗಿ ಹಾಕಿಕೊಂಡು ಬಂದರು. ಬುಧವಾರ ಬಾನೆಟ್ಟು ಹತ್ತಿದ್ದ ಮನುಷ್ಯನೇ ಅಲ್ಲ ಎಂಬಂತೆ ಮುಖ ಗಂಟಾಗಿತ್ತು. ಚೀಲಗಳನ್ನು ಕಟ್ಟಿಸಿದರು, ತಾವೂ ಹತ್ತಿ ಕೂತರು, ಭೀಮರಾಜುವನ್ನು ಎಡಗಡೆ ಚಕ್ರದ ಪಕ್ಕ ನಡೆಯಲು ಬಿಟ್ಟರು. ಕೊನೆಯ ಮರವನ್ನು ಮೊದಲು ಎಡಕ್ಕೆ ಸುತ್ತಬೇಕು, ಆಮೇಲೆ ಬಲಕ್ಕೆ, ಎರಡೂ ಒಂದೇ ಸುತ್ತಿಗೆ.

ಎಡದ ಸುತ್ತು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಯಿತು. ಬಲಕ್ಕೆ ಸ್ಟೇರಿಂಗನ್ನು ಕೊನೆಯವರೆಗೂ ತಿರುಗಿಸಿದಳು. ಚಕ್ರ ಒಂದು ಬೇರಿನ ಉಬ್ಬು ಹತ್ತಿ ಇಳಿಯಿತು.

ಟಿಕ್.

ಸದ್ದೆನ್ನುವಷ್ಟು ದೊಡ್ಡದಲ್ಲ. ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಯಿತು, ಸ್ಟೇರಿಂಗಿನ ಮೂಲಕ ಯಾರೋ ಉಗುರಿನಿಂದ ತಟ್ಟಿದ ಹಾಗೆ. ಚಕ್ರದ ಒಂದು ಸುತ್ತಿಗೆ ಒಂದು ಸಲ. ಟಿಕ್... ಟಿಕ್. ಅಷ್ಟರಲ್ಲಿ ತಿರುವು ಮುಗಿದು ಜೀಪು ನೇರವಾಯಿತು.

ಅವಳು ನಿಲ್ಲಿಸಿದಳು. ಇಂಜಿನ್ನಿನ ಮೇಲೆಯೇ ಕೂತಿದ್ದ ದೊಡ್ಡಪ್ಪನಿಗೆ ಅದರ ಗುಡುಗು ಬಿಟ್ಟು ಬೇರೇನೂ ಕೇಳಿಸಿರಲಾರದು. ಭೀಮರಾಜು ಎಡ ಬದಿಯಲ್ಲಿದ್ದ. ಇಬ್ಬರೂ ಅವಳ ಮುಖ ನೋಡುತ್ತಿದ್ದರು, ಒಬ್ಬರು ಬಾನೆಟ್ಟಿನ ಮೇಲಿಂದ, ಒಬ್ಬ ಪಕ್ಕದಿಂದ.

“ಏನವ್ವ? ಉಜ್ತಾ?”

ಭೀಮರಾಜುವಿಗೆ ಅವಳ ಮುಖದಲ್ಲೇ ಉತ್ತರ ಕಂಡಿತ್ತು. ಅವನು ಯಜಮಾನರಿಗೆ ಕಾಣದಂತೆ ತಲೆಯನ್ನು ಸಣ್ಣಗೆ ಆಚೀಚೆ ಆಡಿಸಿದ. ಬೇಡ, ಹೇಳಬೇಡ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೆರೆಯಂಗಳದಲ್ಲಿ ಹೆಸರು ಕರೆಯುತ್ತಾರೆ. ಅದೇ ಬಂಡೆ ಅಲ್ಲೇ ಇದೆ. ‘ಇಲ್ಲ ದೊಡ್ಡಪ್ಪ’ ಎಂದರೆ ಮುಗಿಯಿತು. ಅವಳಿಗೆ ಎಷ್ಟು ಜನರ ದನಿಯಲ್ಲಿ ಬೇಕಾದರೂ ಆ ಎರಡು ಮಾತು ಹೇಳಲು ಬರುತ್ತಿತ್ತು.

ಆದರೆ ಇಲ್ಲ ಎಂದುಬಿಟ್ಟರೆ ಆ ಟಿಕ್ ಎಲ್ಲಿಂದ ಬಂತು ಎಂದು ಇವತ್ತು ಗೊತ್ತಾಗುವುದಿಲ್ಲ. ಡರ್ರ್‌ ಅಲ್ಲ, ಬುರ್ರ್‌ ಅಲ್ಲ, ಸರ್ರ್‌ ಸಹ ಅಲ್ಲ. ಈ ವಾರವಿಡೀ ಕೇಳದ ಹೊಸ ಸದ್ದು.

“ಉಜ್ತು ದೊಡ್ಡಪ್ಪ,” ಎಂದಳು. “ಬಲಗಡೆ. ಒಳಗೆಲ್ಲೋ.”

ಭೀಮರಾಜು ಹಣೆ ಚಚ್ಚಿಕೊಂಡ.

ಏಕಾಂತಯ್ಯ ಬಾನೆಟ್ಟಿನಿಂದ ಇಳಿದರು. ಅಂಗಿ ಝಾಡಿಸಿಕೊಂಡರು. “ಹಂಗಾದ್ರೆ ಮುಗೀತಲ್ಲ. ಭೀಮಣ್ಣ, ಹಳೇವು ಕೊಟ್ಟಿಗೇಲಿ ಅವೆ, ಹಾಕ್ಬುಡು,” ಎಂದು ಮನೆಯ ಕಡೆ ನಡೆದೇಬಿಟ್ಟರು.

“ಏನ್ ತಾಯಿ ನೀನು!” ಎಂದು ಭೀಮರಾಜು ಅವಳ ಮೇಲೆ ಹಾರಿಬಿದ್ದ. “ನನಗೇ ಕೇಳಿಸ್ಲಿಲ್ಲ, ನಿನಗೇನು ಬಂದಿತ್ತು? ಒಂದ್ ವಾರ ಮೈ ಮುರ್ದು ಮಾಡಿದೀನಿ.”

ಅವಳು ಸೀಟಿನಿಂದ ಇಳಿದಳು. ಚೀಲ ಬಿಚ್ಚಬೇಕು ಎಂದುಕೊಂಡವಳು, ಬಿಚ್ಚಿದರೆ ಭಾರ ಹೋಗುತ್ತದೆ, ಭಾರ ಹೋದರೆ ಸದ್ದು ಹೋಗುತ್ತದೆ ಎಂದು ಹಾಗೇ ಬಿಟ್ಟು ಬಲ ಚಕ್ರದ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡತೊಡಗಿದಳು.

ಐದು ನಿಮಿಷ ಕಳೆದಿರಬಹುದು. ಹಿಂದೆ ಚಪ್ಪಲಿಯ ಸದ್ದಾಯಿತು.

“ಎಲ್ಲಿ?” ಎಂದರು ಏಕಾಂತಯ್ಯ.

“ಏನು ದೊಡ್ಡಪ್ಪ?”

“ಎಲ್ಲಿ ಉಜ್ತು ಅಂತ. ಒಳಗೆಲ್ಲೋ ಅಂದ್ಯಲ್ಲ, ಒಳಗೆ ಅಂದ್ರೆ ಎಲ್ಲಿ? ಅನ್ನಕ್ಕೆ ಕೂತ್ರೆ ಅದೇ ತಲೇಲಿ ಕೊರೀತದೆ.”

“ಸುಣ್ಣದ ಗುರುತೇ ಇಲ್ಲ ದೊಡ್ಡಪ್ಪ. ಎಲ್ಲಾ ಕಡೆ ನೋಡ್ದೆ.”

ಏಕಾಂತಯ್ಯ ಪಂಚೆ ಮೇಲೆ ಕಟ್ಟಿ, ಒಗೆದ ಅಂಗಿಯಲ್ಲೇ ನೆಲಕ್ಕೆ ಅಂಗಾತ ಮಲಗಿ ತಲೆಯನ್ನು ಚಕ್ರದ ಹಿಂದಕ್ಕೆ ತೂರಿಸಿದರು. “ಸುಣ್ಣ ಹೊರಗಡೆ ಬಳಿದಿದೀರ, ನೆತ್ತಿಗೆ ಬಳಿದಿದೀರ. ಒಳಮಗ್ಗುಲಿಗೆ ಎಲ್ಲಿ ಬಳಿದಿದೀರ?”

ಭೀಮರಾಜುವೂ ಜೀವಿತಾಳೂ ಮುಖ ಮುಖ ನೋಡಿಕೊಂಡರು. ಬಿಲ್ಲೆ ಹಾಕಿ ಚಕ್ರವನ್ನು ಹೊರಕ್ಕೆ ತಳ್ಳಿದ ಮೇಲೆ ಒಳಮಗ್ಗುಲಿನ ಕಥೆ ಮುಗಿಯಿತೆಂದು ಇಬ್ಬರೂ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ಬಳಿದರು. ಜೀವಿತಾ ಮತ್ತೆ ಹತ್ತಿ ಸ್ಟೇರಿಂಗನ್ನು ಬಲಕ್ಕೆ ಪೂರಾ ತಿರುಗಿಸಿ, ಅದೇ ಬೇರಿನ ಉಬ್ಬಿನ ಮೇಲೆ ಒಂದೇ ಒಂದು ಮಾರು ಓಡಿಸಿದಳು. ಟಿಕ್ ಎಂದದ್ದು ಈ ಸಲ ಏಕಾಂತಯ್ಯನಿಗೂ ಕೇಳಿಸಿತು. ಅವರು ಕಿವಿಯನ್ನು ಹೆಚ್ಚುಕಡಿಮೆ ಚಕ್ರಕ್ಕೇ ಹಚ್ಚಿದ್ದರು.

ಕಮಾನು ಪಟ್ಟೆಗಳು ಚದುರದಂತೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪಟ್ಟಿ ಇರುತ್ತದೆ, ಅದನ್ನು ಬಿಗಿಯಲು ಒಂದು ಬೋಲ್ಟು. ಬೋಲ್ಟಿನ ಬಾಲ ಅರ್ಧ ಇಂಚು ಚಕ್ರದ ಕಡೆಗೆ ಚಾಚಿಕೊಂಡಿತ್ತು. ಅದರ ತುದಿಯಲ್ಲಿ, ಮಗುವಿನ ಬಾಯಿಗೆ ಅಂಟಿದ ಹಾಲಿನ ಹಾಗೆ, ಒಂದು ತೊಟ್ಟು ಸುಣ್ಣ.

“ಇದು ಯಾರು ಹಾಕಿದ್ದು?” ಎಂದರು ಏಕಾಂತಯ್ಯ.

ಭೀಮರಾಜು ತಲೆ ಕೆರೆದುಕೊಂಡ. “ನಾನೇ. ನಾನು ಎಲ್ಲಾ ಬೋಲ್ಟೂ ಒಳಗಿಂದ ಹೊರಕ್ಕೇ ಹಾಕದು ಯಜಮಾನ್ರೇ. ನಟ್ಟು ಹೊರಗಡೆ ಇದ್ರೆ ಕೈಗೆ ಸಲೀಸು. ಸಣ್ಣ ಟೈರಿದ್ದಾಗ ಯಾರಿಗೂ ತೊಂದ್ರೆ ಆಗಿರ್ಲಿಲ್ಲ.”

ಜೀವಿತಾ ಟೈರಿನ ಒಳಮಗ್ಗುಲನ್ನು ಬೆರಳಿಂದ ಸವರಿದಳು. ಕೂದಲೆಳೆಯಷ್ಟು ತೆಳ್ಳಗಿನ, ಗೇಣುದ್ದದ ಗೀರೊಂದು ಕೊರೆದಿತ್ತು. ಅವಳ ಬೆರಳಿನ ಹಿಂದೆಯೇ ದೊಡ್ಡಪ್ಪನ ಬೆರಳು ಬಂತು, ಅದೇ ಗೀರಿನ ಮೇಲೆ, ನಿಧಾನವಾಗಿ.

“ನಾಳೆ ಕೆರೇಲಿ ಇದನ್ನ ಹಿಂಗೇ ಓಡಿಸಿದ್ರೆ?”

“ನಾಕು ಸಲ ತಿರುಗಿಸೋ ಹೊತ್ಗೆ ಬಾಲ ಒಳಗಿಳಿದು ಟೈರ್ ಸೀಳ್ಬುಡ್ತಿತ್ತು,” ಎಂದ ಭೀಮರಾಜು. ಅವನ ದನಿ ತಗ್ಗಿತ್ತು. “ಇಳಿಜಾರಲ್ಲಾಗಿದ್ರೆ... ಬುಡಿ ಯಜಮಾನ್ರೇ, ಬಾಯಲ್ಲಿ ಹೇಳೋದು ಬ್ಯಾಡ.”

ಆಮೇಲೆ ಭೀಮರಾಜು ಬೋಲ್ಟನ್ನು ಬಿಚ್ಚಿ, ಹೊರಗಿನಿಂದ ಒಳಕ್ಕೆ ತೂರಿಸಿ, ನಟ್ಟನ್ನು ಆ ಬದಿಯಲ್ಲಿ ಕಷ್ಟಪಟ್ಟು ಬಿಗಿದ. ಈಗ ಚಕ್ರದ ಕಡೆಗೆ ಬೋಲ್ಟಿನ ಚಪ್ಪಟೆ ತಲೆಯಷ್ಟೇ ಇತ್ತು. ಎರಡು ನಿಮಿಷದ ಕೆಲಸ. ಜೀವಿತಾ ಬಲಕ್ಕೆ ಮೂರು ಸುತ್ತು ಸುತ್ತಿದಳು. ಬೇರಿನ ಉಬ್ಬು ಬಂತು, ಹೋಯಿತು. ಅಂಗೈಗೆ ಏನೂ ತಟ್ಟಲಿಲ್ಲ.

ಅವಳು ಇಂಜಿನ್ನು ಆರಿಸಿದಳು, ಇಳಿಯಲಿಲ್ಲ. ಷರತ್ತು ಷರತ್ತೇ. ಒಂದು ಸಲ ಉಜ್ಜಿದರೆ ಎಂದಿದ್ದರು, ಉಜ್ಜಿದೆ ಎಂದು ತಾನೇ ಹೇಳಿದ್ದಾಳೆ.

ಏಕಾಂತಯ್ಯ ಬಾನೆಟ್ಟಿನ ಮೇಲಿನ ಚೀಲದ ಹಗ್ಗ ಬಿಚ್ಚುತ್ತಿದ್ದರು. ಗಂಟು ಬಿಗಿಯಾಗಿತ್ತು. ಬಿಚ್ಚುತ್ತಲೇ, ಅವಳ ಕಡೆ ನೋಡದೆ ಕೇಳಿದರು: “ಒಂಬತ್ಗಂಟೆಗೆ ಅಲ್ಲಿರ್ಬೇಕು ಅಂದ್ರೆ ಇಲ್ಲಿಂದ ಎಷ್ಟೊತ್ಗೆ ಹೊರಡ್ಬೇಕು?”

ಜೀವಿತಾ ಸೀಟಿನಲ್ಲಿ ನೆಟ್ಟಗಾದಳು. ಯಾರ ದನಿಯನ್ನೂ ಅನುಕರಿಸದೆ ತನ್ನದೇ ದನಿಯಲ್ಲಿ, “ಏಳಕ್ಕೆ ಹೊರಟ್ರೆ ಸಾಕು ದೊಡ್ಡಪ್ಪ,” ಎಂದಳು.

“ಆರೂವರೆಗೆ ಹೊರಡನ. ದಾರೀಲಿ ಒಂದ್ಸಲ ನಿಲ್ಸಿ ಒಳಗಡೆ ನೋಡ್ಬೇಕು.” ಹಗ್ಗ ಬಿಚ್ಚಿತು. “ಭೀಮಣ್ಣ, ನೀನೂ ಬರ್ಬೇಕು.”

“ಭಾನ್ವಾರ ಯಜಮಾನ್ರೇ, ನಮ್ಮನೇಲಿ ಕೋಳಿ...”

“ಕೋಳಿ ಸಂಜಿಕ್ ತಿನ್ನು.”

ಕತ್ತಲಾಗುತ್ತಿತ್ತು. ಗಿರಿಜಾಂಬಿಕಾ ಹಿತ್ತಿಲ ಬಾಗಿಲಲ್ಲಿ ನಿಂತು ಊಟಕ್ಕೆ ಎರಡನೆಯ ಸಲ ಕರೆದರು. ಭೀಮರಾಜು ಸಾಮಾನು ಕಟ್ಟಿಕೊಳ್ಳುವ ಮೊದಲು ಎಡ ಚಕ್ರದ ಹಿಂದಕ್ಕೂ ಒಮ್ಮೆ ಬ್ಯಾಟರಿ ಬಿಟ್ಟು ನೋಡಿದ. ಬೆಳಕನ್ನು ಅಲ್ಲೇ ನಿಲ್ಲಿಸಿದ.

“ಏನು?” ಎಂದರು ಏಕಾಂತಯ್ಯ.

“ಇಲ್ಲೂ ಹಂಗೇ ಐತೆ. ಬಾಲ ಚಕ್ರದ ಕಡೆಗೇ ಹಾಕಿದೀನಿ. ಇದನ್ನೂ ತಿರುಗಿಸಿ ಹಾಕ್ತೀನಿ ಬುಡಿ.”

“ತಡೀರಿ ಅಣ್ಣ, ಬಿಚ್ಬೇಡಿ!” ಜೀವಿತಾ ಸೀಟಿನಿಂದ ಹಾರಿದಳು. “ಅದೇ ಬೋಲ್ಟು, ಅದೇ ಟೈರು, ಅದೇ ಬಿಲ್ಲೆ. ಎಡಕ್ಕೂ ಪೂರಾ ತಿರುಗಿಸಿದ್ವಿ. ಬಲಗಡೆದು ಉಜ್ತು, ಇದ್ಯಾಕೆ ಉಜ್ಜಲಿಲ್ಲ?”

“ಉಜ್ಜಲಿಲ್ಲ ಅಂದ್ರೆ ಒಳ್ಳೇದಾಯ್ತಲ್ಲವ್ವ!”

“ಒಳ್ಳೇದೇ ಕಣಪ್ಪ,” ಎಂದರು ಏಕಾಂತಯ್ಯ, ಆಗಲೇ ಪಂಚೆ ಎತ್ತಿ ಕಟ್ಟುತ್ತ. “ಆದ್ರೂ ಯಾಕೆ ಉಜ್ಜಲಿಲ್ಲ? ಆ ಬ್ಯಾಟರಿ ಇತ್ಲಾಗ್ ಕೊಡು.”

ಮೂರನೆಯ ಸಲ ಕರೆಯಲು ಬಂದ ಗಿರಿಜಾಂಬಿಕಾಗೆ ತೋಟದ ಕೊನೆಯಲ್ಲಿ ಕಂಡದ್ದು ಜೀಪಿನ ಅಡಿಯಿಂದ ಹೊರಗೆ ಚಾಚಿಕೊಂಡಿದ್ದ ಆರು ಕಾಲುಗಳು ಮಾತ್ರ.